ಹಳೇ ತೋಟಾ ಬರೀ ಹಿತ್ತಾಳೆ ಗುಜರಿಯೇ? ‘ಬಾಕ್ಸರ್’ ಅನ್ನುವ ಹೆಸರಿನ ಹಿಂದಿನ ಮನುಷ್ಯನ ಕಥೆ

ಸೈನ್ಯ ಬಳಸಿ ಬಿಟ್ಟ ಖಾಲಿ ತೋಟಾಗಳನ್ನು ರಾಶಿ ಹಾಕಿ, ತೊಳೆದು, ಹೊಳೆಯುವಂತೆ ಉಜ್ಜಿ, ಮತ್ತೆ ಗುಂಡು ಕೂರಿಸುವ ಅಮೆರಿಕದ ವಿಡಿಯೋಗಳು ನಿಮ್ಮ ಫೋನಿಗೂ ಬಂದಿರಬಹುದು. ನೋಡಿದವರಿಗೆ ಅನಿಸುವುದು ಒಂದೇ: ಇದೇನು ಮಹಾ, ಚೊಂಬು ತಿಕ್ಕಿದ ಹಾಗೆ!

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಇದು ಬರೀ ಮನರಂಜನೆಯ ವಿಷಯವಲ್ಲ. ಅಡಿಕೆ ತೋಟಕ್ಕೆ ಹಂದಿ, ಮಂಗನ ಕಾಟ ಇರುವ ಊರುಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿಗಳಿವೆ. ಚುನಾವಣೆ ಬಂದಾಗ ಅವನ್ನು ಠಾಣೆಗೆ ಒಪ್ಪಿಸುವುದೂ ಎಲ್ಲರಿಗೂ ಗೊತ್ತು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವನ್ನು ನೌಕಾಪಡೆ ಫಿರಂಗಿ ಅಭ್ಯಾಸಕ್ಕೆ ಗುರಿಯಾಗಿ ಬಳಸಿದೆ. ಹೀಗಾಗಿ ಹಳೇ ಮದ್ದುಗುಂಡಿನ ಲೋಹ ಕಣ್ಣಿಗೆ ಬೀಳುವುದು ಇಲ್ಲಿ ತೀರಾ ಅಪರೂಪವೇನಲ್ಲ.

ಆ ವಿಡಿಯೋಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಪದ ‘ಬಾಕ್ಸರ್’. ಅದಕ್ಕೂ ಮುಷ್ಟಿಯುದ್ಧಕ್ಕೂ ಸಂಬಂಧವಿಲ್ಲ. ಅದು ಒಬ್ಬ ಮನುಷ್ಯನ ಹೆಸರು. ಅವರ ಬದುಕು ತಿಳಿದರೆ ಹಿತ್ತಾಳೆಯ ಗುಟ್ಟೂ ತಿಳಿಯುತ್ತದೆ.

ಯಾರು ಈ ಬಾಕ್ಸರ್?

ಎಡ್ವರ್ಡ್ ಮೌನಿಯರ್ ಬಾಕ್ಸರ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನಲ್ಲಿ. ಬ್ರಿಟಿಷ್ ಫಿರಂಗಿದಳದ ಅಧಿಕಾರಿ. ಶೆಲ್ ಯಾವ ಕ್ಷಣಕ್ಕೆ ಸಿಡಿಯಬೇಕು ಎಂದು ನಿಗದಿ ಮಾಡುವ ಮರದ ಫ್ಯೂಸ್ ರೂಪಿಸಿ ಹೆಸರು ಮಾಡಿದರು. 1855ರಲ್ಲಿ ಲಂಡನ್ ಬಳಿಯ ವುಲಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥರಾದರು. ಹೆಸರಿಗೆ ಪ್ರಯೋಗಾಲಯ, ನಿಜದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಮದ್ದುಗುಂಡಿನ ಕಾರ್ಖಾನೆ.

ಈ ವುಲಿಚ್‌ಗೂ ಕರ್ನಾಟಕಕ್ಕೂ ಹಳೇ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಹೋದದ್ದು ಅಲ್ಲಿಗೇ. ಅವುಗಳ ಜಾಡು ಹಿಡಿದು ವಿಲಿಯಂ ಕಾಂಗ್ರೀವ್ ತಮ್ಮ ರಾಕೆಟ್ ಮಾಡಿದರು. ಬಾಕ್ಸರ್ 1865ರಲ್ಲಿ ಎರಡು ರಾಕೆಟ್ ಒಂದರ ಹಿಂದೊಂದು ಉರಿಯುವ ಹಾಗೆ ಜೋಡಿಸಿ, ದಡದಿಂದ ಮುಳುಗುವ ಹಡಗಿಗೆ ಹಗ್ಗ ಎಸೆಯುವ ಸಾಧನ ಮಾಡಿದರು. ಯುದ್ಧದ ರಾಕೆಟ್ ಜೀವ ಉಳಿಸುವ ಕೆಲಸಕ್ಕೂ ಬಂತು.

ಕಾಗದದಿಂದ ಹಿತ್ತಾಳೆಗೆ

ನಮ್ಮ ಕಡೆ ಹಿರಿಯರು ‘ಕೇಪಿನ ಕೋವಿ’ ಮತ್ತು ‘ತೋಟಾ ಕೋವಿ’ ಎಂದು ಬೇರೆ ಮಾಡಿ ಹೇಳುತ್ತಾರೆ. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮಸಿ, ಚರೆ ತುಂಬಿ ಗಜದಿಂದ ಜಡಿಯಬೇಕು. ಕಿಡಿ ಕೊಡುವ ಕೇಪು ಹೊರಗೆ ಬೇರೆಯೇ ಇರುತ್ತದೆ. 1857ರ ದಂಗೆಗೆ ಕಿಡಿಯಾದ ಎನ್‌ಫೀಲ್ಡ್ ಕೋವಿಯೂ ಬಾಯಿಂದ ತುಂಬುವುದೇ. ಅದರ ಮಸಿ, ಗುಂಡು ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಅದನ್ನು ಹಲ್ಲಿನಿಂದ ಹರಿಯಬೇಕಿತ್ತು.

ಕಾಗದ ಹೋಗಿ ಹಿತ್ತಾಳೆ ಬಂದದ್ದು ಆ ದಂಗೆಯ ಕಾರಣಕ್ಕಲ್ಲ. 1866ರಲ್ಲಿ ಬ್ರಿಟಿಷರು ಅದೇ ಎನ್‌ಫೀಲ್ಡ್ ಕೋವಿಯ ಹಿಂಬದಿ ಕತ್ತರಿಸಿ, ಹಿಂದಿನಿಂದ ತುಂಬುವ ಸ್ನೈಡರ್ ಕೋವಿ ಮಾಡಿದರು. ಹಿಂದೆ ತೆರೆದುಕೊಳ್ಳುವ ಕೋವಿಯಲ್ಲಿ ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಸೋರುವ ಭಯ. ಅದಕ್ಕೆ ಬಾಕ್ಸರ್ ತೆಳು ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ ತೋಟಾ ಮಾಡಿದರು. ಕೇಪನ್ನು ಅದರ ತಳದ ನಡುವೆಯೇ ಕೂರಿಸಿದರು. ಸಿಡಿದಾಗ ಹಿತ್ತಾಳೆ ಹಿಗ್ಗಿ ಸಂದು ಮುಚ್ಚುತ್ತದೆ. ಒತ್ತಡ ಇಳಿದಾಗ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಇಂದಿಗೂ ತೋಟಾ ಹಿತ್ತಾಳೆ ಅಂದರೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು.

ಇದೇ ತೋಟಾ ಬಾಕ್ಸರ್‌ಗೆ ಮುಳುವೂ ಆಯಿತು. ಸರ್ಕಾರಿ ಹುದ್ದೆಯಲ್ಲಿದ್ದುಕೊಂಡೇ ಪೇಟೆಂಟ್ ತಮ್ಮ ಹೆಸರಿಗೆ ಮಾಡಿಸಿಕೊಂಡರು ಎಂಬ ವಿವಾದ ಎದ್ದು, 1860ರ ದಶಕದ ಕೊನೆಯ ಹೊತ್ತಿಗೆ ವುಲಿಚ್ ಬಿಡುವ ಹಾಗಾಯಿತು. 1885ರ ಸೂಡಾನ್ ಯುದ್ಧದಲ್ಲಿ ಸುರುಳಿ ತಗಡಿನ ತೋಟಾ ಮರಳಿಗೆ, ಬಿಸಿಗೆ ಹರಿದು ಕೋವಿಯೊಳಗೇ ಸಿಕ್ಕಿಕೊಳ್ಳತೊಡಗಿತು. ಅದರ ಜಾಗಕ್ಕೆ ಒಂದೇ ಹಿತ್ತಾಳೆ ತುಂಡಿನಿಂದ ಎಳೆದು ಮಾಡಿದ ಗಟ್ಟಿ ತೋಟಾ ಬಂತು. ಬಾಕ್ಸರ್ ತೀರಿಕೊಂಡದ್ದು 1898ರಲ್ಲಿ. ಅವರ ತೋಟಾ ಅವರಿಗಿಂತ ಮೊದಲೇ ಹೋಗಿತ್ತು. ಉಳಿದದ್ದು ಕೇಪು ಮಾತ್ರ.

ಹೆಸರು ಇಂಗ್ಲೆಂಡಿನದು, ಬಳಕೆ ಅಮೆರಿಕದ್ದು

ಬಾಕ್ಸರ್ ಕೇಪಿನಲ್ಲಿ ಕಿಡಿ ಹುಟ್ಟಿಸುವ ಪುಟ್ಟ ಅಡಿಗಲ್ಲು ಕೇಪಿನ ಒಳಗೇ ಇದೆ. ಹಾಗಾಗಿ ತೋಟಾದ ತಳಕ್ಕೆ ನಟ್ಟನಡುವೆ ಒಂದೇ ತೂತು ಸಾಕು. ಅದೇ ಕಾಲದ ಅಮೆರಿಕದ ಹೈರಮ್ ಬರ್ಡನ್ ಅಡಿಗಲ್ಲನ್ನು ತೋಟಾದ ತಳದಲ್ಲೇ ಮಾಡಿ, ಪಕ್ಕದಲ್ಲಿ ಸಣ್ಣ ತೂತುಗಳನ್ನು ಇಟ್ಟರು. ತಮಾಷೆ ನೋಡಿ: ಇಂಗ್ಲಿಷನ ಕೇಪು ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವರ ಕೇಪು ಯುರೋಪಿನಲ್ಲಿ. ಬ್ರಿಟಿಷ್ ಸೇನೆಯ ಪ್ರಸಿದ್ಧ .303 ತೋಟಾದಲ್ಲೂ ಹೆಚ್ಚಾಗಿ ಇದ್ದದ್ದು ಬರ್ಡನ್ ಪದ್ಧತಿ.

ನಡುವೆ ಒಂದೇ ತೂತಿದ್ದರೆ ಹಳೇ ಕೇಪನ್ನು ಒಳಗಿನಿಂದ ತಳ್ಳಿ ತೆಗೆಯುವುದು ಸುಲಭ. ಅಮೆರಿಕದಲ್ಲಿ ಖಾಲಿ ತೋಟಾ ಮತ್ತೆ ತುಂಬುವ ಹವ್ಯಾಸ ಬೆಳೆದದ್ದರ ಹಿಂದೆ ಈ ಅನುಕೂಲವೂ ಇದೆ.

ಹಾಗಾದರೆ ವಿಡಿಯೋ ಹೇಳದೇ ಬಿಡುವುದೇನು?

ಮೊದಲನೆಯದು, ಸೈನ್ಯದ ತೋಟಾ ಒಮ್ಮೆ ಬಳಸಿ ಬಿಡಲು ಮಾಡಿದ್ದು. ಕೇಪು ಕಳಚದಂತೆ ಅದರ ಸುತ್ತ ಹಿತ್ತಾಳೆಯನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಎಷ್ಟೋ ತೋಟಾಗಳ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ. ಹೊರಗಿನಿಂದ ಒಂದೇ ಥರ ಕಂಡರೂ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು ಹುಟ್ಟುತ್ತದೆ.

ಎರಡನೆಯದು, ಹಿತ್ತಾಳೆಗೆ ನೆನಪಿದೆ. ಹಂಡೆ ಬಡಿಯುವ ಕಂಚುಗಾರರನ್ನು ಕೇಳಿ. ಬಡಿದಷ್ಟೂ ಲೋಹ ಗಡಸಾಗುತ್ತದೆ, ನಡುನಡುವೆ ಕಾಯಿಸದಿದ್ದರೆ ಸೀಳುತ್ತದೆ. ತೋಟಾವೂ ಹಾಗೆಯೇ. ಪ್ರತಿ ಸಲ ಹಿಗ್ಗಿ ಕುಗ್ಗಿದಾಗಲೂ ಗಡಸಾಗುತ್ತಾ, ಕೊನೆಗೆ ಬಿರುಕು ಬಿಡುತ್ತದೆ.

ಮೂರನೆಯದು ನಮ್ಮ ಮಳೆಗಾಲದ್ದೇ ಕಥೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟಿದ್ದ ತೋಟಾಗಳು ಯಾರೂ ಮುಟ್ಟದೆ ತಾವಾಗಿಯೇ ಸೀಳುತ್ತಿದ್ದವು. ಕಾರಣ ಸ್ಪಷ್ಟವಾಗಿ ಗೊತ್ತಾದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ತೇವದ ಗಾಳಿ, ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ, ಈ ಮೂರೂ ಸೇರಿದರೆ ಲೋಹ ಬಿರಿಯುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೂ ಬರವಿಲ್ಲ, ಕೊಟ್ಟಿಗೆಗೂ ಬರವಿಲ್ಲ. ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ವರ್ಷಗಟ್ಟಲೆ ಬಿದ್ದ ತೋಟಾ ಹುಣಸೆಹಣ್ಣು ಹಾಕಿ ಉಜ್ಜಿದರೆ ಫಳಫಳ ಹೊಳೆದೀತು. ಒಳಗಿನ ಕೂದಲೆಳೆ ಬಿರುಕು ಹೋಗುವುದಿಲ್ಲ.

ನಾವು ಹೇಳುವುದಿಷ್ಟು

ತೋಟಾ ಮತ್ತೆ ತುಂಬಬಹುದು ಅನ್ನುವುದು ತಾಂತ್ರಿಕವಾಗಿ ನಿಜ. ಯಾವ ಖಾಲಿ ತೋಟಾ ಆದರೂ ನಡೆಯುತ್ತದೆ, ಮನೆಯಲ್ಲೇ ಮಾಡಬಹುದು ಅನ್ನುವುದು ತಪ್ಪು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಆ ಪರವಾನಗಿ ಸಿಕ್ಕಂತಲ್ಲ.

ಇನ್ನು ಕಡಲತೀರದಲ್ಲೋ, ಬಲೆಯಲ್ಲೋ, ಗುಜರಿ ಚೀಲದಲ್ಲೋ ಗುರುತಿಲ್ಲದ ಶೆಲ್ ಅಥವಾ ತೋಟಾ ಸಿಕ್ಕರೆ ಬಡಿಯಬೇಡಿ, ಬಿಸಿ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಖಾಲಿ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು ನಿಮ್ಮ ಕೆಲಸವಲ್ಲ. ದೂರ ಸರಿದು 112ಕ್ಕೆ ಕರೆ ಮಾಡಿ. ಆ ವಿಡಿಯೋ ಫಾರ್ವರ್ಡ್ ಮಾಡುವ ಮನಸ್ಸಾದರೆ, ಜೊತೆಗೆ ಇದನ್ನೂ ಕಳಿಸಿ.