ದುಡಿವವನ ವಿಶ್ರಾಂತಿಗೂ ಬೆಲೆಯುಂಟೆಂದ ದಿನಕರ ದೇಸಾಯಿ

ಧಾರೇಶ್ವರ (ಕುಮಟಾ): ಕುಮಟಾ-ಹೊನ್ನಾವರ ಹೆದ್ದಾರಿಯ ಮಗ್ಗುಲಲ್ಲಿ ಧಾರಾನಾಥನ ಸನ್ನಿಧಿ, ಅದರಾಚೆಗೆ ಕಡಲು. ಈ ಕರಾವಳಿಯ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದವರ ಸಂಖ್ಯೆ ಸಣ್ಣದಲ್ಲ. ಕೊಂಕಣ ರೈಲು ಬರುವ ಎಷ್ಟೋ ದಶಕಗಳ ಮೊದಲೇ ಅವರು ಹಡಗು ಹಿಡಿದು ಹೊರಟವರು. ಅಲ್ಲಿ ದುಡಿಯುವವನಿಗೆ ಕೆಲಸವಿದ್ದರೆ ಕೂಲಿಯಿತ್ತು, ಕೆಲಸ ನಿಂತರೆ ಕೂಲಿಯೂ ನಿಲ್ಲುತ್ತಿತ್ತು. ದಣಿದ ದೇಹಕ್ಕೆ ಸಂಬಳ ಸಹಿತ ವಿಶ್ರಾಂತಿ ದೊರೆಯಬೇಕೆಂಬ ಮಾತು ಅಂದು ಕನಸಿನಂತಿತ್ತು. ಆ ಕನಸು ಕಾನೂನಿನ ರೂಪ ತಳೆಯುತ್ತಿದ್ದ ಕಾಲದಲ್ಲಿ ಮುಂಬಯಿಯ ನಾವಿಕರ ನಡುವೆ ನಿಂತು ದುಡಿದವರು ಇದೇ ಜಿಲ್ಲೆಯ ದಿನಕರ ದೇಸಾಯಿ.

ಕನ್ನಡ ನಾಡು ಅವರನ್ನು ಚುಟುಕು ಬ್ರಹ್ಮನೆಂದು ಬಲ್ಲದು. ನಾಲ್ಕೇ ಸಾಲುಗಳಲ್ಲಿ ಸಮಾಜದ ಠಕ್ಕನ್ನು ಬಯಲಿಗೆಳೆಯುತ್ತಿದ್ದ ಅವರ ಚೌಪದಿಗಳು ಮನೆಮಾತಾಗಿವೆ. ಆದರೆ ಕವಿಯ ಕೀರ್ತಿಯ ನೆರಳಿನಲ್ಲಿ ಕಾರ್ಮಿಕ ನಾಯಕನ ಚಿತ್ರ ಮಸುಕಾಗಿದೆ.

ಓದಿನಿಂದ ಸೇವೆಗೆ

ದಿನಕರ ದೇಸಾಯಿಯವರು ಜನಿಸಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲೂಕಿನಲ್ಲಿ. ಉನ್ನತ ಶಿಕ್ಷಣವನ್ನು ಮೈಸೂರು ಮತ್ತು ಮುಂಬಯಿಗಳಲ್ಲಿ ಪಡೆದ ಅವರು ಎಂ.ಎ. ಹಾಗೂ ಕಾನೂನು ಪದವೀಧರರು. ಕೋಟು ಧರಿಸಿ ವಕೀಲಿಕೆ ಮಾಡಿದ್ದರೆ ಹಣವೂ ಮಾನವೂ ಬರುತ್ತಿದ್ದವು. ಅವರು ಆರಿಸಿಕೊಂಡದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸರಳ ಬದುಕನ್ನು.

ಅದೇ ಸಮಾಜದ ಹಿರಿಯ ಸದಸ್ಯರಾಗಿದ್ದವರು ಎನ್.ಎಂ. ಜೋಶಿ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಪ್ರಥಮ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನದಲ್ಲಿ ಭಾರತದ ದುಡಿಯುವವರನ್ನು ಪ್ರತಿನಿಧಿಸಿ, ಮರುವರ್ಷ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದವರು. ಜೋಶಿಯವರು ತುಳಿದ ಹಾದಿಯಲ್ಲಿ ದೇಸಾಯಿಯವರು ಮುಂಬಯಿಯ ಕಾರ್ಮಿಕ ವಲಯವನ್ನು ಪ್ರವೇಶಿಸಿದರು.

ಗೇಣಿಯ ಹೋರಾಟ, ಗಡೀಪಾರಿನ ಶಿಕ್ಷೆ

ಮುಂಬಯಿಯಲ್ಲಿದ್ದರೂ ಅವರ ಮನಸ್ಸು ಜಿಲ್ಲೆಯ ಗದ್ದೆಗಳಲ್ಲಿತ್ತು. ಅಂಕೋಲಾ, ಕುಮಟಾ ಸೀಮೆಯಲ್ಲಿ ಹಾಲಕ್ಕಿ ಒಕ್ಕಲಿಗರೇ ಮೊದಲಾದ ಗೇಣಿದಾರರು ಬೆಳೆದ ಬತ್ತದ ಬಹುಪಾಲನ್ನು ಒಡೆಯರಿಗೆ ಅಳೆದು ಕೊಟ್ಟು ಮಳೆಗಾಲದಲ್ಲಿ ಸಾಲಕ್ಕೆ ಕೈ ಚಾಚುತ್ತಿದ್ದರು. ದೇಸಾಯಿಯವರು ರೈತಕೂಟವನ್ನು ಕಟ್ಟಿ ಉಳುವವನಿಗೇ ಹೊಲವೆಂಬ ವಿಚಾರವನ್ನು ಊರೂರಿಗೆ ಕೊಂಡೊಯ್ದರು. ಒಡೆಯರ ಎದುರು ಬೆನ್ನು ಬಗ್ಗಿಸಿಯೇ ನಿಲ್ಲುತ್ತಿದ್ದವರು ಸಭೆಗಳಿಗೆ ಬರತೊಡಗಿದರು. ಬ್ರಿಟಿಷ್ ಸರಕಾರಕ್ಕೆ ಇದು ಸಹ್ಯವಾಗಲಿಲ್ಲ. 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಲಾಯಿತು. ಐದು ವರ್ಷ ಅವರು ಹುಟ್ಟೂರಿನ ಮಣ್ಣನ್ನು ಮೆಟ್ಟುವಂತಿರಲಿಲ್ಲ.

ಜಿಲ್ಲೆಗಾದ ನಷ್ಟ ಮುಂಬಯಿಯ ನಾವಿಕರಿಗೆ ಲಾಭವಾಯಿತು.

ಹಡಗಿನವರ ಬವಣೆ

1940ರಲ್ಲಿಯೇ ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವನ್ನು ಭಾರತ ಸೇವಕ ಸಮಾಜ ಪ್ರಕಟಿಸಿತು. ಅಂದಿನ ಹಡಗು ಕಾರ್ಮಿಕನ ಬಾಳು ದಯನೀಯವಾಗಿತ್ತು. ಕೆಲಸ ದೊರೆಯಬೇಕಾದರೆ ದಲ್ಲಾಳಿಗೂ ಸೆರಂಗನಿಗೂ ಲಂಚ ತೆರಬೇಕು. ಹಡಗು ಹತ್ತಿದ ಮೇಲೆ ಐರೋಪ್ಯ ನಾವಿಕನಿಗಿಂತ ಎಷ್ಟೋ ಕಡಿಮೆ ಸಂಬಳಕ್ಕೆ ಎಂಜಿನ್ನಿನ ಬೆಂಕಿಯ ಮುಂದೆ ಬೇಯಬೇಕು. ಯಾನ ಮುಗಿದೊಡನೆ ಕರಾರೂ ಮುಗಿಯಿತು. ಮುಂದಿನ ಹಡಗು ಸಿಗುವ ತನಕ ಊರಿಗೆ ಬಂದು ಕುಳಿತ ದಿನಗಳಿಗೆ ಬಿಡಿಗಾಸೂ ಇಲ್ಲ. ಅವನ ಪಾಲಿಗೆ ರಜೆಯೆಂದರೆ ನಿರುದ್ಯೋಗದ ಇನ್ನೊಂದು ಹೆಸರು.

ಜಗತ್ತಿನಲ್ಲಿ ಆಗಲೇ ಗಾಳಿ ಬದಲಾಗುತ್ತಿತ್ತು. 1936ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವರ್ಷ ಪೂರ್ತಿ ದುಡಿದ ಕಾರ್ಮಿಕನಿಗೆ ಕನಿಷ್ಠ 6 ಕೆಲಸದ ದಿನಗಳ ಸಂಬಳ ಸಹಿತ ರಜೆ ಸಲ್ಲಬೇಕೆಂಬ ಒಡಂಬಡಿಕೆಯನ್ನು ಅಂಗೀಕರಿಸಿತು. ಅದೇ ವರ್ಷ ಹಡಗಿನ ಅಧಿಕಾರಿಗಳಿಗೆ 12 ದಿನ, ಉಳಿದ ನಾವಿಕರಿಗೆ 9 ದಿನ ಎಂದು ಪ್ರತ್ಯೇಕ ಒಡಂಬಡಿಕೆಯೂ ಆಯಿತು. 1946ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಸೇರಿದ ನಾವಿಕ ಸಮ್ಮೇಳನ ಇದನ್ನು ಕ್ರಮವಾಗಿ 18 ಮತ್ತು 12 ದಿನಗಳಿಗೆ ಏರಿಸಿತು. ಆದರೆ ನಾವಿಕರ ಈ ಎರಡೂ ಒಡಂಬಡಿಕೆಗಳು ಕಾಗದದಲ್ಲೇ ಉಳಿದವು, ಜಾರಿಗೆ ಬರಲಿಲ್ಲ.

ಇಂಥ ಹೊತ್ತಿನಲ್ಲಿ ಕಾಗದದ ಹಕ್ಕನ್ನು ಹಡಗಿನ ಮೇಲಿನ ಹಕ್ಕಾಗಿಸಲು ಸಂಘವೊಂದೇ ದಾರಿಯಾಗಿತ್ತು. ದೇಸಾಯಿಯವರು ನಾವಿಕರ ಸಂಘಟನೆಗೆ ವರ್ಷಗಟ್ಟಲೆ ದುಡಿದರು. ವಿದೇಶದ ಕಾರ್ಮಿಕ ಸಮ್ಮೇಳನಗಳಿಗೂ ಹೋಗಿ ಬಂದರು. ಅವರ ನಾ ಕಂಡ ಪಡುವಣ ಎಂಬ ಪ್ರವಾಸ ಕೃತಿ ಕನ್ನಡಿಗರಿಗೆ ಪಶ್ಚಿಮದ ಜಗತ್ತನ್ನು ತೋರಿಸಿತು.

ಗಿರಣಿಗೆ ಬಂದ ರಜೆ

ದಡದ ಮೇಲೆ ಕಾನೂನು ಕೊಂಚ ಬೇಗ ಬಂದಿತು. ಕಾರ್ಖಾನೆ ಕಾಯ್ದೆಗೆ 1945ರಲ್ಲಿ ಮಾಡಿದ ತಿದ್ದುಪಡಿಯಿಂದ, 1946ರ ಜನವರಿ 1ರಿಂದ ವರ್ಷ ಪೂರ್ತಿ ದುಡಿದ ವಯಸ್ಕ ಕಾರ್ಮಿಕನಿಗೆ 10 ದಿನಗಳ ಸಂಬಳ ಸಹಿತ ರಜೆ ದೊರೆಯಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯು ದುಡಿದ ಪ್ರತಿ 20 ದಿನಕ್ಕೆ ಒಂದು ದಿನವೆಂಬ ಲೆಕ್ಕವನ್ನು ತಂದಿತು. ವರ್ಷಕ್ಕೆ 240 ದಿನ ದುಡಿದವನು ಇದಕ್ಕೆ ಅರ್ಹನೆಂಬ ನಿಯಮ ಮುಂದೆ ದಶಕಗಳ ಕಾಲ ನಡೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು ಈ ಅರ್ಹತೆಯನ್ನು 180 ದಿನಗಳಿಗೆ ಇಳಿಸಿದೆ. ದಕ್ಷಿಣ ಕೊರಿಯಾದಲ್ಲಿ ಶೇ. 80ರಷ್ಟು ಹಾಜರಾತಿ ಇದ್ದವನಿಗೆ ವರ್ಷಕ್ಕೆ 15 ದಿನ, ಸೇವಾವಧಿ ಬೆಳೆದಂತೆ 25 ದಿನಗಳವರೆಗೆ ರಜೆಯುಂಟು.

ಅಕ್ಷರದ ಬಿತ್ತನೆ

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಓದಬಲ್ಲವನು ಬೇಕು. ಗಡೀಪಾರು ಮುಗಿದ ಬಳಿಕ ದೇಸಾಯಿಯವರು ಹಿಡಿದದ್ದು ಈ ಕಾರ್ಯವನ್ನು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಊರುಗಳಲ್ಲಿ ಶಾಲೆಗಳನ್ನು ತೆರೆದರು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು ಆರಂಭವಾಯಿತು. ಜನಸೇವಕ ವಾರಪತ್ರಿಕೆಯ ಮೂಲಕ ಜನರ ಅಹವಾಲುಗಳಿಗೆ ದನಿಯಾದರು. ಗೇಣಿದಾರನ ಮಗ, ಮೀನುಗಾರನ ಮಗಳು ಹತ್ತಿರದಲ್ಲೇ ಮೆಟ್ರಿಕ್ ಓದುವಂತಾದುದರ ಹಿಂದೆ ಈ ಪರಿಶ್ರಮವಿದೆ.

1967ರಲ್ಲಿ ಪಕ್ಷೇತರರಾಗಿ ನಿಂತ ಅವರನ್ನು ಕೆನರಾ ಕ್ಷೇತ್ರದ ಮತದಾರರು ಲೋಕಸಭೆಗೆ ಆರಿಸಿ ಕಳುಹಿಸಿದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ರಾಜ್ಯದಲ್ಲಿ ಉಳುವವನೇ ಒಡೆಯನಾದಾಗ, ರೈತಕೂಟದ ಹಳೆಯ ಬೇಡಿಕೆ ಅವರ ಕಣ್ಣೆದುರೇ ಈಡೇರಿತು. 1982ರ ನವೆಂಬರ್ 6ರಂದು ಅವರು ಕಣ್ಣು ಮುಚ್ಚಿದರು.

ಉಳಿದಿರುವ ಬಾಕಿ

ಇಂದು ಸಮುದ್ರಯಾನದ ನಾವಿಕನಿಗೆ ಅಂತಾರಾಷ್ಟ್ರೀಯ ನಿಯಮದಂತೆ ದುಡಿದ ಪ್ರತಿ ತಿಂಗಳಿಗೆ ಕನಿಷ್ಠ ಎರಡೂವರೆ ದಿನದ ಸಂಬಳ ಸಹಿತ ರಜೆ ಸಲ್ಲುತ್ತದೆ. ಭಾರತ 2015ರಲ್ಲಿ ಆ ಒಡಂಬಡಿಕೆಗೆ ಒಪ್ಪಿಗೆ ನೀಡಿದೆ. ಆದರೆ ಮೀನುಗಾರಿಕೆಯ ದೋಣಿಗಳಿಗೆ ಅದು ಅನ್ವಯಿಸುವುದಿಲ್ಲ. ಈ ಕರಾವಳಿಯ ಯಾಂತ್ರೀಕೃತ ದೋಣಿಗಳು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿ ನಿಲ್ಲುತ್ತವೆ. ಮೀನಿನ ಸಂತತಿಗೆ ಅದು ವಿಶ್ರಾಂತಿ, ಹಿಡಿದ ಮೀನಿನ ಪಾಲನ್ನೇ ನಂಬಿದ ದೋಣಿಯಾಳಿಗೆ ಸಂಪಾದನೆಯಿಲ್ಲದ ರಜೆ. ಗದ್ದೆಯ ಕೂಲಿಯಾಳಿಗೂ ಕೆಲಸ ತಪ್ಪಿದ ದಿನ ಕೂಲಿಯಿಲ್ಲ. ದಿನಕರ ದೇಸಾಯಿಯವರು ಆರಂಭಿಸಿದ ಕಾರ್ಯ ಅವರ ಜಿಲ್ಲೆಯ ದಡದಲ್ಲಿಯೇ ಇನ್ನೂ ಪೂರ್ಣಗೊಂಡಿಲ್ಲ.