ಕಾಯಿಲೆ ನೋಡಲು ಕಳಿಸಿದರೆ ಸರ್ಕಾರವನ್ನೇ ತಪಾಸಣೆ ಮಾಡಿ ಬಂದ ಡಾಕ್ಟರ್

ಪಬ್ಲಿಕ್ ಹೆಲ್ತ್ ಓದೋಕೆ ಸೇರಿದ ಹೊಸತರಲ್ಲಿ ನನ್ನನ್ನು ಕಾಡ್ತಿದ್ದದ್ದು ಒಂದೇ ಪ್ರಶ್ನೆ: ಕಾಯಿಲೆಯ ವರದಿಯಲ್ಲಿ ಬಡತನದ ಬಗ್ಗೆ ಬರೆಯಬಹುದಾ? ಅದೆಲ್ಲ ರಾಜಕೀಯ, ನಮಗ್ಯಾಕೆ ಅನ್ನುವವರೇ ಸುತ್ತ ಇದ್ದರು. ಆಗ ಕೈಗೆ ಸಿಕ್ಕಿದ್ದು ಜರ್ಮನಿಯ ರುಡಾಲ್ಫ್ ವಿರ್ಖೋನ ಬದುಕು.

ಹುಟ್ಟಿದ್ದು 1821ರಲ್ಲಿ, ಪ್ರಷ್ಯಾದ ಒಂದು ಸಣ್ಣ ಊರಲ್ಲಿ. ಮನೆಯಲ್ಲಿ ದುಡ್ಡಿರಲಿಲ್ಲ. ಸೈನ್ಯಕ್ಕೆ ವೈದ್ಯರನ್ನು ತಯಾರು ಮಾಡುವ ಬರ್ಲಿನ್ನಿನ ಸಂಸ್ಥೆಯಲ್ಲಿ ಸರ್ಕಾರದ ಖರ್ಚಿನಲ್ಲಿ ಓದಿ, 1843ರಲ್ಲಿ ಪದವಿ ಪಡೆದ. ಆಮೇಲೆ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕೆಲಸ.

1848ರ ಆರಂಭ. ಪ್ರಷ್ಯಾದ ಅಪ್ಪರ್ ಸೈಲೀಷಿಯಾ ಪ್ರಾಂತ್ಯದಲ್ಲಿ ಬರ, ಅದರ ಬೆನ್ನಿಗೇ ಟೈಫಸ್ ಜ್ವರ. ಪತ್ರಿಕೆಗಳು ಗದ್ದಲ ಎಬ್ಬಿಸಿದ ಮೇಲೆ ಸರ್ಕಾರ 26 ವರ್ಷದ ಈ ಹುಡುಗನನ್ನು ಅಲ್ಲಿಗೆ ಕಳಿಸಿತು. ಮೂರು ವಾರ ಹಳ್ಳಿ ಸುತ್ತಿದ. ಆಲೂಗಡ್ಡೆಯನ್ನೇ ನಂಬಿದ್ದ ಜನ, ಇಕ್ಕಟ್ಟಾದ ಗುಡಿಸಲುಗಳು, ಜನ ಆಡುವುದು ಪೋಲಿಷ್, ಆಡಳಿತದ ಭಾಷೆ ಜರ್ಮನ್.

ಔಷಧಿ, ಅಕ್ಕಿಬೇಳೆ ಪಟ್ಟಿ ಕೊಡ್ತಾನೆ ಅಂದುಕೊಂಡಿದ್ದವರಿಗೆ ಆತ ಕೊಟ್ಟ ಚೀಟಿಯೇ ಬೇರೆ. ಪ್ರಜಾಪ್ರಭುತ್ವ, ಸ್ಥಳೀಯ ಸ್ವಯಮಾಡಳಿತ, ಎಲ್ಲರಿಗೂ ಶಿಕ್ಷಣ, ಪೋಲಿಷ್ ಭಾಷೆಗೆ ಅಧಿಕೃತ ಸ್ಥಾನ, ಬಡವರ ಬೆನ್ನಿಂದ ಇಳಿಸಿ ಉಳ್ಳವರ ಮೇಲೆ ತೆರಿಗೆ. ಭಾಷೆಯ ಹಕ್ಕನ್ನೂ ಜ್ವರಕ್ಕೆ ಮದ್ದು ಅಂತ ಬರೆದದ್ದು ಓದಿ, ಕನ್ನಡದಲ್ಲಿ ಓದಿ ಬಂದ ನನಗೆ ಮೈ ಜುಮ್ಮೆಂದಿತು.

ಬರ್ಲಿನ್ನಿಗೆ ವಾಪಸ್ ಬಂದ ಕೆಲವೇ ದಿನಕ್ಕೆ ಕ್ರಾಂತಿ ಶುರು, ಆತನೂ ಬೀದಿಗಿಳಿದ. ವೈದ್ಯಕೀಯ ಸುಧಾರಣೆಗೆಂದೇ ಒಂದು ವಾರಪತ್ರಿಕೆ ನಡೆಸಿದ. ಕ್ರಾಂತಿ ಸೋತಿತು. ಶಾರಿಟೆಯ ಕೆಲಸಕ್ಕೆ ಕುತ್ತು ಬಂತು, 1849ರಲ್ಲಿ ಬರ್ಲಿನ್ ಬಿಟ್ಟು ವುರ್ಟ್ಸ್‌ಬರ್ಗಿಗೆ ಹೋದ.

ಕಥೆ ಇಲ್ಲೇ ಮುಗಿದಿದ್ದರೆ ಆತ ಇನ್ನೊಬ್ಬ ಸೋತ ಹೀರೋ ಅಷ್ಟೇ. ಆದರೆ 1856ರಲ್ಲಿ ಪ್ರೊಫೆಸರ್ ಆಗಿ ಮರಳಿದ. ಎರಡು ವರ್ಷಕ್ಕೆ, ರೋಗ ಹುಟ್ಟೋದು ಜೀವಕೋಶಗಳಲ್ಲಿ ಎಂದು ವಿವರಿಸಿದ ಪುಸ್ತಕದಿಂದ ಜಗತ್ತಿಗೇ ಪರಿಚಿತನಾದ. 1859ರಲ್ಲಿ ನಗರಸಭೆಗೆ ಆಯ್ಕೆಯಾಗಿ, 1902ರಲ್ಲಿ ಸಾಯುವವರೆಗೂ ಅಲ್ಲೇ ಕೂತ. ಒಳಚರಂಡಿ, ಆಸ್ಪತ್ರೆ, ಮಾಂಸದ ತಪಾಸಣೆ: ಯಾವುದಕ್ಕೂ ಚಪ್ಪಾಳೆ ಬೀಳೋದಿಲ್ಲ. ಆತ ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ, 1873ರಲ್ಲಿ ಬರ್ಲಿನ್ನಿನ ಒಳಚರಂಡಿ ಕೆಲಸ ಶುರುವಾಯಿತು.

ಆತ ತಪ್ಪೇ ಮಾಡಲಿಲ್ಲ ಅಂತಲ್ಲ. ರೋಗಕ್ಕೆ ಸೂಕ್ಷ್ಮಾಣುಗಳೇ ಕಾರಣ ಅನ್ನುವ ವಾದವನ್ನು ಬಹುಕಾಲ ಅನುಮಾನದಿಂದಲೇ ನೋಡಿದ. ಕಾಯಿಲೆಗೆ ಕ್ರಿಮಿಯೂ ಬೇಕು, ಅದು ಬೆಳೆಯೋಕೆ ಬಿಡುವ ವ್ಯವಸ್ಥೆಯೂ ಬೇಕು. ನಾವು ಎರಡನ್ನೂ ಕಲೀಬೇಕು.

ಈಗ ನಾನು ಡೆಂಗಿ ವರದಿ ಬರೀತೀನಿ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಜನ ಯಾಕೆ ಡ್ರಮ್ಮಲ್ಲಿ ತುಂಬಿಡ್ತಾರೆ ಅಂತ ಕೇಳುವ ಕಾಲಂ ನಮ್ಮ ಫಾರಂನಲ್ಲಿಲ್ಲ. ಕೆಳಗಿನ ಖಾಲಿ ಜಾಗದಲ್ಲಿ ಕೈಯಲ್ಲೇ ಬರೆದು ಕಳಿಸ್ತೀನಿ.