ಫೋಟೊ ನೋಡುವುದನ್ನು ಕಲಿಸಿದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್

ಗೆಳೆಯರು ಫೋಟೊ ತೋರಿಸಿದಾಗ ನಮ್ಮ ಬಾಯಿಗೆ ಬರುವುದು ಎರಡು ಮೂರು ಮಾತು ಮಾತ್ರ. ಸೂಪರ್ ಅನ್ನುತ್ತೇವೆ, ಮಾಶಾ ಅಲ್ಲಾಹ್ ಅನ್ನುತ್ತೇವೆ, ತೀರಾ ಸಲಿಗೆ ಇದ್ದರೆ ಶೇಕ್ ಆಗಿದೆ ಕಣೋ ಅನ್ನುತ್ತೇವೆ. ಅಲ್ಲಿಗೆ ಫೋನು ಜೇಬಿಗೆ ಹೋಗುತ್ತದೆ. ಏನು ಚೆನ್ನಾಗಿದೆ, ಏನು ಕೆಟ್ಟಿದೆ, ಯಾಕೆ ಎಂಬುದು ತೆಗೆದವನಿಗೆ ತಿಳಿಯುವುದೇ ಇಲ್ಲ. ನನಗೆ ಫೋಟೊ ಹುಚ್ಚು ಇರುವುದು ನಮ್ಮ ತರಗತಿಯವರಿಗೆಲ್ಲ ಗೊತ್ತು. ಈ ಸಂಚಿಕೆಗೆ ಯಾರಾದರೊಬ್ಬ ಮಹನೀಯರ ಜೀವನ ಪರಿಚಯ ಬರೆಯಲು ಹೇಳಿದಾಗ ವಿಜ್ಞಾನಿಗಳನ್ನೂ ಕವಿಗಳನ್ನೂ ಬಿಟ್ಟು ನಾನು ಅಮೆರಿಕದ ಒಬ್ಬ ಛಾಯಾಗ್ರಾಹಕರನ್ನು ಆರಿಸಿಕೊಂಡೆ. ಕಾರಣ, ಇನ್ನೊಬ್ಬರ ಫೋಟೊ ಹೇಗೆ ನೋಡಬೇಕೆಂಬುದಕ್ಕೆ ಅವರ ಬದುಕಿನಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹೇಗೆ ನೋಡಬಾರದು ಎಂಬುದಕ್ಕೂ ಅಲ್ಲೇ ಉದಾಹರಣೆ ಇದೆ.

ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಹುಟ್ಟಿದ್ದು 1864ರ ಜನವರಿ 1ರಂದು, ನ್ಯೂಜೆರ್ಸಿ ರಾಜ್ಯದ ಹೊಬೊಕನ್ ಊರಿನಲ್ಲಿ. ತಂದೆ ಜರ್ಮನಿಯಿಂದ ಬಂದು ಉಣ್ಣೆ ವ್ಯಾಪಾರದಲ್ಲಿ ಹಣ ಮಾಡಿದವರು. ಆರು ಮಕ್ಕಳಲ್ಲಿ ಇವರೇ ಹಿರಿಯರು. 1881ರಲ್ಲಿ ಕುಟುಂಬ ಜರ್ಮನಿಗೆ ಹೋಯಿತು. ಮಗ ಮೆಕ್ಯಾನಿಕಲ್ ಇಂಜಿನಿಯರ್ ಆಗಲೆಂದು ಬರ್ಲಿನ್ನಿನಲ್ಲಿ ಸೇರಿಸಿದರು. ಅಲ್ಲಿ ಹರ್ಮನ್ ಫೋಗೆಲ್ ಎಂಬ ಪ್ರಾಧ್ಯಾಪಕರು ಛಾಯಾಗ್ರಹಣದ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹುಡುಗನ ಮನಸ್ಸು ಯಂತ್ರಗಳನ್ನು ಬಿಟ್ಟು ಅತ್ತ ಹೊರಳಿತು. (ನಮ್ಮಲ್ಲಿ ಕೆಮಿಸ್ಟ್ರಿ ಬೇಡವೆನ್ನುವವರು ಇದನ್ನು ಗಮನಿಸಬೇಕು.)

1887ರಲ್ಲಿ ಇಂಗ್ಲೆಂಡಿನ ಅಮೆಚೂರ್ ಫೋಟೋಗ್ರಾಫರ್ ಪತ್ರಿಕೆಯ ಸ್ಪರ್ಧೆಗೆ ಅವರು ಚಿತ್ರಗಳನ್ನು ಕಳಿಸಿದರು. ಇಟಲಿಯ ಬೆಲಾಜಿಯೋದಲ್ಲಿ ನಗುತ್ತಾ ನಿಂತ ಮಕ್ಕಳ ಚಿತ್ರಕ್ಕೆ ಮೊದಲ ಬಹುಮಾನ ಬಂತು. ತೀರ್ಪುಗಾರರಾಗಿದ್ದವರು ಆ ಕಾಲದ ಹೆಸರಾಂತ ಛಾಯಾಗ್ರಾಹಕ ಪೀಟರ್ ಹೆನ್ರಿ ಎಮರ್ಸನ್. ಬಂದ ಚಿತ್ರಗಳಲ್ಲಿ ಸಹಜವಾಗಿ ಮೂಡಿದ್ದು ಇದೇ ಎಂದು ಅವರು ಮೆಚ್ಚಿದರು. ಬಹುಮಾನಕ್ಕಿಂತ ಆ ಕಾರಣವೇ ದೊಡ್ಡದು ಎಂದು ನನಗನ್ನಿಸುತ್ತದೆ. ಚೆನ್ನಾಗಿದೆ ಎಂದಷ್ಟೇ ಹೇಳಿದ್ದರೆ ಇಪ್ಪತ್ಮೂರರ ಯುವಕನಿಗೆ ಮುಂದಿನ ದಾರಿ ಹೇಗೆ ತಿಳಿಯಬೇಕು?

1890ರಲ್ಲಿ ನ್ಯೂಯಾರ್ಕಿಗೆ ಮರಳಿ ಅಲ್ಲಿನ ಹವ್ಯಾಸಿ ಛಾಯಾಗ್ರಾಹಕರ ಸಂಘ ಸೇರಿದರು. 1893ರ ಫೆಬ್ರವರಿ 22ರಂದು ಊರಲ್ಲೆಲ್ಲ ಹಿಮ ಸುರಿಯುತ್ತಿತ್ತು. ಸ್ಟೀಗ್ಲಿಟ್ಸ್ ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ ತೆಗೆದುಕೊಂಡು ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಸುಮಾರು ಮೂರು ಗಂಟೆ ನಿಂತರು. ಅಂಥ ಕ್ಯಾಮೆರಾ ಆಟಿಕೆ ಎಂದು ದೊಡ್ಡವರು ನಗುತ್ತಿದ್ದ ಕಾಲ ಅದು. ಕೊನೆಗೆ ಹಿಮವನ್ನು ಸೀಳಿಕೊಂಡು ಒಂದು ಕುದುರೆ ಗಾಡಿ ಎದುರು ಬಂತು, ಕ್ಲಿಕ್ಕಿಸಿದರು. ನೆಗೆಟಿವ್ ತೊಳೆದು, ಒದ್ದೆ ಇರುವಾಗಲೇ ಸಂಘದ ಗೆಳೆಯರಿಗೆ ತೋರಿಸಿದರು. ಮಸುಕಾಗಿದೆ, ಸ್ಪಷ್ಟವಿಲ್ಲ, ಎಸೆದುಬಿಡು ಎಂಬುದೇ ಅವರ ಉತ್ತರ.

ಅವರು ಹೇಳಿದ್ದು ಸುಳ್ಳಲ್ಲ, ಚಿತ್ರ ನಿಜಕ್ಕೂ ಮಸುಕಾಗಿಯೇ ಇತ್ತು. ಆದರೆ ಹಿಮಗಾಳಿಯಲ್ಲಿ ಕಣ್ಣಿಗೆ ಕಾಣುವುದೂ ಹಾಗೇ ಅಲ್ಲವೇ? ದೋಷ ಕಂಡವರಿಗೆ ಚಿತ್ರ ಕಾಣಲಿಲ್ಲ. ಸ್ಟೀಗ್ಲಿಟ್ಸ್ ಅದನ್ನು ಎಸೆಯಲಿಲ್ಲ. ಅಕ್ಕಪಕ್ಕದ ಬೇಡದ ಭಾಗಗಳನ್ನು ಕತ್ತರಿಸಿ, ಗಾಡಿ ಮತ್ತು ಹಿಮ ಮಾತ್ರ ಉಳಿಯುವಂತೆ ಮುದ್ರಿಸಿದರು. ಇಂದು ಫೋಟೊಗ್ರಫಿಯ ಚರಿತ್ರೆ ಬರೆಯುವವರು ಈ ಚಿತ್ರವನ್ನು ಬಿಡುವುದಿಲ್ಲ.

ಮುಂದೆ ಅವರೇ ತೀರ್ಪು ಹೇಳುವ ಜಾಗಕ್ಕೆ ಬಂದರು. 1897ರಲ್ಲಿ ನ್ಯೂಯಾರ್ಕ್ ಕ್ಯಾಮೆರಾ ಕ್ಲಬ್ಬಿಗಾಗಿ ಕ್ಯಾಮೆರಾ ನೋಟ್ಸ್ ಪತ್ರಿಕೆ ಶುರುಮಾಡಿದರು. ಅದರಲ್ಲಿ ಕೆಲವೇ ಜನರ ಚಿತ್ರಗಳಿಗೆ ಜಾಗ, ಸಾಧಾರಣ ಸದಸ್ಯರನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ಸದಸ್ಯರು ಸಿಟ್ಟಾದರು. ಸ್ಟೀಗ್ಲಿಟ್ಸ್ ಬಗ್ಗುವವರಲ್ಲ. 1902ರಲ್ಲಿ ಸಂಪಾದಕತ್ವ ಬಿಟ್ಟರು, 1908ರಲ್ಲಿ ಕ್ಲಬ್ ಅವರನ್ನು ಹೊರಗೇ ಹಾಕಿತು. ಇಲ್ಲಿ ನಾನು ಪೂರ್ತಿ ಅವರ ಪಕ್ಷ ವಹಿಸಲಾರೆ. ಮಟ್ಟ ಮೇಲಿರಬೇಕು ಎಂಬುದು ಸರಿ. ಆದರೆ ಭಾನುವಾರದ ಬಿಡುವಿನಲ್ಲಿ ಕ್ಯಾಮೆರಾ ಹಿಡಿಯುವವನಿಗೆ, ನಿನ್ನ ಚಿತ್ರ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಒಂದು ಮಾತು ತಿಳಿಸುವುದೂ ಸಂಪಾದಕರ ಕೆಲಸವೇ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಪಾಲ್ ಸ್ಟ್ರಾಂಡ್ ಕಥೆ. 1905ರಲ್ಲಿ ಸ್ಟೀಗ್ಲಿಟ್ಸ್ ಫಿಫ್ತ್ ಅವೆನ್ಯೂದಲ್ಲಿ ಒಂದು ಸಣ್ಣ ಗ್ಯಾಲರಿ ತೆರೆದಿದ್ದರು. ಕಟ್ಟಡದ ನಂಬರಿನಿಂದ ಅದಕ್ಕೆ 291 ಎಂದೇ ಹೆಸರಾಯಿತು. 1907ರಲ್ಲಿ ಲೂಯಿಸ್ ಹೈನ್ ಎಂಬ ಶಾಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದರು. ಅವರಲ್ಲಿ ಸ್ಟ್ರಾಂಡ್ ಒಬ್ಬ, ನಮ್ಮ ಪಿಯುಸಿ ವಯಸ್ಸಿನ ಹುಡುಗ. ಆಮೇಲೆ ವರ್ಷಗಟ್ಟಲೆ ಆತ ತನ್ನ ಚಿತ್ರಗಳನ್ನು ತಂದು ತೋರಿಸುತ್ತಿದ್ದ. ಆಗ ಚಿತ್ರ ಮಂಜು ಮಂಜಾಗಿ ಕಾಣುವಂತೆ ಮಾಡುವ ಸಾಫ್ಟ್ ಫೋಕಸ್ ಲೆನ್ಸ್ ಫ್ಯಾಷನ್ನಾಗಿತ್ತು. ಸ್ಟೀಗ್ಲಿಟ್ಸ್ ನೋಡಿ ಹೇಳಿದ್ದು ಇಷ್ಟು: ಈ ಲೆನ್ಸಿನಲ್ಲಿ ಹುಲ್ಲೂ ನೀರೂ ಮರದ ತೊಗಟೆಯೂ ಒಂದೇ ತರ ಕಾಣುತ್ತವೆ, ಒಂದೊಂದರ ಗುಣವೂ ಮಾಯವಾಗಿದೆ. ಲೆನ್ಸಿನ ದ್ವಾರ ಕಿರಿದು ಮಾಡಿ ತೆಗೆದರೆ ಅವು ಬೇರೆ ಬೇರೆಯಾಗಿ ಕಾಣುತ್ತವೆ ಎಂದೂ ತಿಳಿಸಿದರು.

ಇದನ್ನು ಓದುವಾಗ ನನಗೆ ಶ್ರೀನಿವಾಸಪುರದಿಂದ ಬರುವ ಗೆಳೆಯನ ಫೋಟೊ ನೆನಪಾಯಿತು. ಅವರ ತೋಟದಲ್ಲಿ ಮಾವು ಹೂ ಬಿಟ್ಟಿತ್ತು. ಅವನು ಫೋನಿನ ಪೋರ್ಟ್ರೇಟ್ ಮೋಡಿನಲ್ಲಿ ತೆಗೆದಿದ್ದ. ಹೂಗೊಂಚಲಿನ ಹಿಂದೆ ಎಲ್ಲವೂ ಹಸಿರು ಮುದ್ದೆ, ಆ ಮರ ಬೆಂಗಳೂರಿನ ಲಾಲ್‌ಬಾಗಿನಲ್ಲಿದ್ದರೂ ಹಾಗೇ ಕಾಣುತ್ತಿತ್ತು. ಆ ಮೋಡ್ ತೆಗೆದು ಇನ್ನೊಮ್ಮೆ ಹೊಡಿ ಎಂದೆ. ಮುಂದಿನ ಸಲ ಸಾಲು ಮರ, ಕೆಂಪು ಮಣ್ಣು, ಔಷಧಿ ಹೊಡೆಯುತ್ತಿದ್ದ ಅವನ ಚಾಚಾ ಎಲ್ಲ ಬಂದಿದ್ದರು. ಹೂವೂ ಇತ್ತು. ಮುಳಬಾಗಿಲಿನ ದರ್ಗಾದ ದೀಪಗಳಿಗಾಗಲಿ ಮಾಲೂರಿನ ಇಟ್ಟಿಗೆ ಗೂಡಿನ ಹೊಗೆಗಾಗಲಿ ಇದೇ ಪ್ರಶ್ನೆ ಕೇಳಬಹುದು: ಹೊಗೆ ಹೊಗೆಯಾಗಿ ಕಾಣುತ್ತಿದೆಯೇ, ಅಥವಾ ಬರೀ ಬಿಳಿ ಕಲೆಯೇ?

ಸ್ಟ್ರಾಂಡ್ ಮುನಿಸಿಕೊಂಡು ಹೋಗಲಿಲ್ಲ. ಹೇಳಿದ್ದನ್ನು ಮಾಡಿ ನೋಡಿದ. 1915ರಲ್ಲಿ ಹೊಸ ಚಿತ್ರಗಳೊಂದಿಗೆ ಬಂದಾಗ ಸ್ಟೀಗ್ಲಿಟ್ಸ್ ಅವನ್ನು ತಮ್ಮ ಗೋಡೆಗೆ ಹಾಕುವುದಾಗಿ ಮಾತು ಕೊಟ್ಟರು. 1916ರಲ್ಲಿ ಪ್ರದರ್ಶನವೂ ಆಯಿತು. ಅವರು 1903ರಿಂದ ಸ್ವತಃ ನಡೆಸುತ್ತಿದ್ದ ಕ್ಯಾಮೆರಾ ವರ್ಕ್ ಪತ್ರಿಕೆಯ ಚಂದಾದಾರರು ಆ ಹೊತ್ತಿಗೆ ಸಾವಿರದ ಆಸುಪಾಸಿನಿಂದ ನಲವತ್ತಕ್ಕೂ ಕೆಳಗೆ ಇಳಿಯುತ್ತಿದ್ದರು. 1917ರಲ್ಲಿ ಬಂದ ಕೊನೆಯ ಸಂಚಿಕೆಯ ಛಾಯಾಚಿತ್ರಗಳೆಲ್ಲ ಸ್ಟ್ರಾಂಡ್ ಅವರವೇ. ಗ್ಯಾಲರಿಯೂ ಅದೇ ವರ್ಷ ಮುಚ್ಚಿತು.

1924ರಲ್ಲಿ ಅವರು ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅವರನ್ನು ಮದುವೆಯಾದರು. ಮೋಡಗಳ ಚಿತ್ರಗಳನ್ನು ತೆಗೆದರು, 1929ರಲ್ಲಿ ಆನ್ ಅಮೆರಿಕನ್ ಪ್ಲೇಸ್ ಎಂಬ ಗ್ಯಾಲರಿ ತೆರೆದರು. 1933ರಲ್ಲಿ ಆನ್ಸೆಲ್ ಆಡಮ್ಸ್ ಎಂಬ ಮೂವತ್ತೊಂದರ ಯುವಕ ಪಶ್ಚಿಮ ಕರಾವಳಿಯಿಂದ ಚಿತ್ರಗಳನ್ನು ಹೊತ್ತು ಅಲ್ಲಿಗೆ ಬಂದರು. ಮುದುಕರು ಮೊದಲು ಗದರಿಸಿ, ಆಮೇಲೆ ಬಾ ಎಂದು ಕಳಿಸಿದರು. ಮತ್ತೆ ಬಂದಾಗ ಕೋಣೆಯಲ್ಲಿದ್ದ ಒಂದೇ ಕುರ್ಚಿ ಸ್ಟೀಗ್ಲಿಟ್ಸ್ ಅವರದು. ಆಡಮ್ಸ್ ಕೋಣೆ ಕಾಯಿಸುವ ಬಿಸಿ ಕೊಳವೆಯ ಮೇಲೆ ಕೂತರು. ಸ್ಟೀಗ್ಲಿಟ್ಸ್ ಒಂದೊಂದೇ ಚಿತ್ರವನ್ನು ಮಾತಿಲ್ಲದೆ ನೋಡಿ ಮುಗಿಸಿ ಕಟ್ಟು ಕಟ್ಟಿದರು. ಆಡಮ್ಸ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಟ್ಟು ಬಿಚ್ಚಿ, ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ನೋಡಿದರು. ಆಮೇಲೆಯೇ ಮೆಚ್ಚುಗೆಯ ಮಾತು ಬಂದದ್ದು. ಮೂರು ವರ್ಷದ ನಂತರ, 1936ರಲ್ಲಿ, ಅದೇ ಗ್ಯಾಲರಿಯಲ್ಲಿ ಆಡಮ್ಸ್ ಅವರ ಪ್ರದರ್ಶನ ನಡೆಯಿತು. ಸ್ಟೀಗ್ಲಿಟ್ಸ್ ಅವರಿಗೆ ಆಗ 72 ವರ್ಷ. 1946ರ ಜುಲೈ 13ರಂದು ನ್ಯೂಯಾರ್ಕಿನಲ್ಲಿ ಅವರು ತೀರಿಕೊಂಡರು.